765ರ ಕಡೆ ಮುಖ ಮಾಡಿ

ವಿಜಯನಗರ ಮೆಟ್ರೊ ನಿಲ್ದಾಣದಲ್ಲಿ ಇಳಿದು, ಸೇವಂತಿಗೆ ಮಾರುವವರನ್ನೂ ಪಾನಿಪುರಿ ಗಾಡಿಯನ್ನೂ ದಾಟಿ ಒಳಗಿನ ಅಡ್ಡರಸ್ತೆಗೆ ತಿರುಗಿದರೆ ಮೂರಂತಸ್ತಿನ ಹಳದಿ ಕಟ್ಟಡ. ಗೇಟಿನ ಮೇಲೆ ಲೇಡೀಸ್ ಪೀಜಿ ಎಂಬ ಬೋರ್ಡು. ಚಪ್ಪಲಿ ಮೆಟ್ಟಿಲ ಕೆಳಗೇ ಬಿಡಿ, ಮೇಲೆ ಒಯ್ದರೆ ಆಂಟಿ ಗದರುತ್ತಾರೆ. ಇಂದು 2017ರ ಡಿಸೆಂಬರ್ 16, ಶನಿವಾರ. ಗಂಟೆ ಎಂಟೂಕಾಲು, ಊಟದ ಹೊತ್ತು.

ಊಟದ ಕೋಣೆ ಕೆಳಗೇ ಇದೆ. ಪ್ಲಾಸ್ಟಿಕ್ ಹಾಳೆ ಹೊದಿಸಿದ ಎರಡು ಉದ್ದ ಮೇಜು, ಸ್ಟೀಲಿನ ಪಾತ್ರೆಗಳು, ಆಗಾಗ ಮಿಣುಕುವ ಟ್ಯೂಬ್‌ಲೈಟು. ಗೋಡೆಗೆ ಅಂಟಿಸಿದ ಕಾಗದದಲ್ಲಿ ನಿಯಮಗಳು: ಊಟ ರೂಮಿಗೆ ಒಯ್ಯುವಂತಿಲ್ಲ, ಟೆರೇಸಿಗೆ ರಾತ್ರಿ ಒಂಬತ್ತೂವರೆಗೆ ಬೀಗ, ಗೇಟು ಹತ್ತಕ್ಕೆ ಬಂದ್, ಜೋರಾಗಿ ಹಾಡು ಹಾಕುವಂತಿಲ್ಲ. ತಟ್ಟೆ ತೆಗೆದುಕೊಂಡು ಸಾಲಿನಲ್ಲಿ ನಿಲ್ಲಿ. ನಿಮ್ಮ ಹಿಂದೆ ಮುಂದೆ ನಿಂತವರೆಲ್ಲ ಇಪ್ಪತ್ತರ ಆಸುಪಾಸಿನ ಹುಡುಗಿಯರು, ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ಫೋನು. ನಲವತ್ತೆಂಟು ದಾಟಿದವಳು ನಾನೊಬ್ಬಳೇ.

ಚಪಾತಿ ಬೇಡವೆಂದು ಆಲೂಗಡ್ಡೆ ಪಲ್ಯ, ಮೊಸರು ಮಾತ್ರ ಹಾಕಿಸಿಕೊಂಡು ಮೂಲೆಯ ಕುರ್ಚಿಗೆ ಬರುತ್ತೇನೆ. ಎದುರಿಗೆ ಕುಳಿತುಕೊಳ್ಳಿ. ಚೀಲದಿಂದ ಅಗಲವಾದ ಡಬ್ಬಿ ಹೊರಗೆ ಬರುತ್ತದೆ. ಒಳಗೆ ಹಳೆಯ ಧೋತರದ ತುಂಡಿನಲ್ಲಿ ಸುತ್ತಿಟ್ಟ ಖಡಕ್ ರೊಟ್ಟಿ. ಸೋಮವಾರ ಎಳ್ಳಮಾವಾಸ್ಯೆ. ಹೊಲಕ್ಕೆ ಚರಗ ಚೆಲ್ಲಲು ಹೋಗುವ ಹಬ್ಬಕ್ಕೆಂದು ಧಾರವಾಡದಲ್ಲಿ ತಮ್ಮನ ಹೆಂಡತಿ ಬಡಿದಿದ್ದು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಮೇಲೆ, ಬಿಳಿ ಜೋಳದ್ದು ಕೆಳಗೆ. ರಾತ್ರಿ ಬಸ್ಸಿನ ಪಾರ್ಸೆಲ್ಲಿನಲ್ಲಿ ಬಂದರೂ ಅಂಚು ಸಹ ಮುರಿದಿಲ್ಲ.

ಒಂದನ್ನು ಎತ್ತಿ ಬೆಳಕಿಗೆ ಹಿಡಿದರೆ ಅದರ ಮೈಯಲ್ಲಿ ಬೆರಳಚ್ಚುಗಳು ಕಾಣುತ್ತವೆ. ಹೆಂಚಿನ ಮೇಲೆ ನೀರು ಸವರಿದ ಬಟ್ಟೆಯ ಗೆರೆಯೂ ಇದೆ. ಈಗ ಮುರಿಯುತ್ತೇನೆ. ಟಕ್ಕೆಂಬ ಆ ಸದ್ದಿಗೆ ಪಕ್ಕದ ಮೇಜಿನ ಮೂವರು ತಲೆಯೆತ್ತುತ್ತಾರೆ. ತಿನ್ನುವುದಕ್ಕೆ ಮೊದಲು ಇಡೀ ರೊಟ್ಟಿಯನ್ನು ಬೆರಳಗಲದ ಚೂರು ಮಾಡಿ ತಟ್ಟೆಯ ಅಂಚಿಗೆ ಸುತ್ತಲೂ ಜೋಡಿಸಿಕೊಳ್ಳುವುದು ನನ್ನ ಪದ್ಧತಿ. ನಡುವೆ ಗುರೆಳ್ಳು ಹಿಂಡಿ, ಅದರ ಗುಳಿಗೆ ಒಂದಿಷ್ಟು ಎಣ್ಣೆ, ಪಕ್ಕದಲ್ಲಿ ಮೊಸರು. ಸುತ್ತು ಮುಗಿದಾಗಲೇ ಮೊದಲ ಚೂರು ಬಾಯಿಗೆ. ಹೀಗೇ ತಿನ್ನಬೇಕೆಂದು ನನಗೆ ಯಾರೂ ಹೇಳಿಕೊಟ್ಟಿಲ್ಲ. ನಮ್ಮ ಮನೆಯಲ್ಲಿ ಬೇರೆ ಯಾರೂ ಹೀಗೆ ತಿನ್ನುವುದೂ ಇಲ್ಲ. ಆದರೆ ಆ ಸುತ್ತು ಪೂರ್ತಿಯಾಗುವ ಹೊತ್ತಿಗೆ ದಿನವಿಡೀ ಬಿಗಿಹಿಡಿದ ಭುಜ ಕೆಳಗಿಳಿಯುತ್ತದೆ. ಇದನ್ನು ಯಾರಿಗಾದರೂ ವಿವರಿಸಬೇಕೆಂದು ನನಗೆ ಅನ್ನಿಸಿಲ್ಲ.

“ಮೇಡಂ, ಅದು ಹಪ್ಪಳಾನಾ?” ಎಂದು ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಕೇಳುತ್ತಾಳೆ.

“ರೊಟ್ಟಿ ಐತವಾ. ತಗೋ, ತಿಂದ್ ನೋಡು.”

ಅವಳು ತಿನ್ನುತ್ತಾಳೆ, ಚೆನ್ನಾಗಿದೆ ಎನ್ನುತ್ತಾಳೆ. ಆಮೇಲೆ ಕೇಳುತ್ತಾಳೆ: “ಸಾಂಬಾರಲ್ಲಿ ನೆನೆಸ್ಕೊಂಡ್ ತಿನ್ನಬಹುದಲ್ವಾ? ಯಾಕಿಷ್ಟು ಸದ್ದು?”

ಇಂಥ ಮಾತುಗಳಲ್ಲಿ ಹಗೆತನದ ಸುಳಿವೂ ಇರುವುದಿಲ್ಲ. ಅದೇ ಕಷ್ಟ. ಬಡ್ತಿಯ ಜೊತೆಗೆ ಬಂದ ವರ್ಗಾವಣೆ ನನ್ನನ್ನು ಧಾರವಾಡದ ಮಾಳಮಡ್ಡಿಯಿಂದ ಇಲ್ಲಿಗೆ ತಂದಿತು. ಬ್ಯಾಂಕಿನ ಶಾಖೆಯಲ್ಲಿ ಎಲ್ಲರೂ ಒಳ್ಳೆಯವರೇ. ಮಧ್ಯಾಹ್ನ ಟಿಫಿನ್ ಡಬ್ಬಿ ಬಿಚ್ಚುವಾಗ ಹೇಳುತ್ತಾರೆ, “ಒಂದು ಮನೆ ಮಾಡ್ಕೊಳ್ಳಿ ಮೇಡಂ, ಪೀಜಿಲಿರೋ ವಯಸ್ಸಾ ಇದು?” ಯಜಮಾನರು ಎಲ್ಲಿದ್ದಾರೆ ಎಂಬ ಪ್ರಶ್ನೆ ಮೊದಲ ವಾರವೇ ಬಂತು. ಮದುವೆಯಾಗಿಲ್ಲ ಎಂದ ಮೇಲೆ ಕೇಳಿದವರು ತಾವೇ ತಪ್ಪು ಮಾಡಿದವರ ಹಾಗೆ ಮುಖ ಬಾಡಿಸಿಕೊಂಡರು. ಅವರನ್ನು ಸಮಾಧಾನಪಡಿಸುವ ಕೆಲಸ ನನ್ನ ಪಾಲಿಗೆ ಬಂತು. ಕೌಂಟರಿನಲ್ಲಿ “ಇಲ್ಲಿ ಸಹಿ ಮಾಡ್ರಿ” ಎಂದರೆ ಗ್ರಾಹಕರು ನಗುತ್ತಾರೆ, ಇನ್ನೊಂದು ಸಲ ಹೇಳಿ ಎನ್ನುತ್ತಾರೆ. ಸಿನಿಮಾಗಳು ನಮ್ಮ ಮಾತನ್ನು ನಗೆಗೆಂದೇ ಎತ್ತಿಟ್ಟಿವೆ. ಹಾಗಾಗಿ ಹನ್ನೊಂದು ಗಂಟೆಯ ಹೊತ್ತಿಗೆ ನಾನು “ಸೈನ್ ಮಾಡಿ ಸರ್” ಎನ್ನತೊಡಗಿರುತ್ತೇನೆ. ಸಂಜೆ ಆರಕ್ಕೆ ಶಾಖೆಯಿಂದ ಹೊರಬೀಳುವವಳು ಬೆಳಿಗ್ಗೆ ಒಳಹೋದವಳಿಗಿಂತ ಒಂದು ಸುತ್ತು ಸಣ್ಣಗಾಗಿರುತ್ತಾಳೆ.

ಪ್ರೀತಿಯಿಂದ ತಿದ್ದುವವರಿಗೆ ಎದುರಾಡುವುದು ಹೇಗೆ? ಜಗಳವಾಡಿದವನ ಜೊತೆಗೆ ಜಗಳವಾಡಿ ಮುಗಿಸಬಹುದು. ‘ಹೀಗೆ ಮಾಡಿದರೆ ನಿಮಗೇ ಅನುಕೂಲ’ ಎನ್ನುವವರ ಮುಂದೆ ಮನುಷ್ಯ ದಿನಕ್ಕಿಷ್ಟು ಸವೆಯುತ್ತಾನೆ. ಆದ್ದರಿಂದಲೇ ಯಾರಿಗೂ ಅಡ್ಡ ಬರದ, ಯಾರಿಗೂ ಉಪಯೋಗವೂ ಇಲ್ಲದ ಒಂದೆರಡು ಅಭ್ಯಾಸಗಳನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು ಎಂದು ನಾನು ನಂಬುತ್ತೇನೆ.

ನನ್ನ ಇನ್ನೊಂದು ಅಭ್ಯಾಸ ಮೇಲೆ, ಎರಡನೆಯ ಮಹಡಿಯ ಕೋಣೆಯಲ್ಲಿದೆ. ಬನ್ನಿ.

ಮೂರು ಮಂಚ, ಮೂರು ಕಪಾಟು, ಒಂದು ಕಿಟಕಿ. ಕಿಟಕಿಯ ಪಕ್ಕದ ಮಂಚ ನನ್ನದು. ದಿಂಬಿನ ಬದಿಯಲ್ಲಿ ಹಳೆಯ ಫಿಲಿಪ್ಸ್ ಟ್ರಾನ್ಸಿಸ್ಟರ್. ಸೆಲ್ ಹಾಕುವ ಕಡೆಯ ಮುಚ್ಚಳ ಕಳೆದುಹೋಗಿ ರಬ್ಬರ್ ಬ್ಯಾಂಡ್ ಬಿಗಿದಿದೆ. ಬಾಗಿಲ ಹತ್ತಿರದ ಮಂಚ ಕುಂದಾಪುರದ ಕಡೆಯ ಹುಡುಗಿಯದು, ಸಾಫ್ಟ್‌ವೇರ್ ಕೆಲಸ. ನಡುವಿನದು ಕಟಕ್‌ನಿಂದ ಬಂದ ನರ್ಸಿನದು. ಅವಳಿಗೆ ಈ ವಾರ ರಾತ್ರಿಪಾಳಿ, ಈಗ ಯೂನಿಫಾರ್ಮಿಗೆ ಇಸ್ತ್ರಿ ಹಾಕುತ್ತಿದ್ದಾಳೆ.

ಡಿಸೆಂಬರಿನ ಚಳಿ ನಿಮಗೂ ತಾಗುತ್ತಿರಬೇಕು. ಆದರೂ ಮೇಲೆ ಫ್ಯಾನು ಪೂರ್ತಿ ವೇಗದಲ್ಲಿ ತಿರುಗುತ್ತಿದೆ ನೋಡಿ. ಅದರ ಕೆಳಗೆ ಕುಂದಾಪುರದ ಹುಡುಗಿ ತಲೆಯವರೆಗೂ ರಗ್ಗು ಹೊದ್ದು ಲ್ಯಾಪ್‌ಟಾಪ್ ನೋಡುತ್ತಿದ್ದಾಳೆ. ಅವಳಿದ್ದ ಹಿಂದಿನ ಪೀಜಿಯಲ್ಲಿ ಇದೇ ವಿಷಯಕ್ಕೆ ಮಾತು ಬೆಳೆದು ಕೋಣೆ ಬಿಡಬೇಕಾಯಿತಂತೆ. ಇಲ್ಲಿಗೆ ಬಂದ ಮೊದಲ ರಾತ್ರಿಯೇ ನನ್ನನ್ನು ಕೇಳಿದ್ದಳು: “ಅಕ್ಕ, ಫ್ಯಾನ್ ಹಾಕಿದ್ರೆ ನಿಮ್ಗೆ ತೊಂದ್ರೆಯಾ? ನಂಗೆ ಗಾಳಿ ಬೇಡ, ಶಬ್ದ ಬೇಕು. ನಮ್ಮನೆ ಮರವಂತೆ ಹತ್ರ. ರಾತ್ರಿ ಸಮುದ್ರ ಸುಮ್ನಿರುದೇ ಇಲ್ಲ.”

ಹಾಕಿಕೋ ಎಂದೆ. ಆದರೂ ಅವಳು ನನ್ನ ಮೇಲಿನ ಮರ್ಯಾದೆಗೆ ರೆಗ್ಯುಲೇಟರನ್ನು ಎರಡಕ್ಕೆ ಇಳಿಸಿದಳು. ಆ ರಾತ್ರಿ ನನ್ನ ರೇಡಿಯೊ ಹಾಡಲೇ ಇಲ್ಲ. ಮೀಡಿಯಂ ವೇವಿನ ಉದ್ದಕ್ಕೂ ಜರ್ರೆಂಬ ಕರ್ಕಶ ಸದ್ದು. ಸೆಲ್ ಬದಲಿಸಿದೆ, ಕಿಟಕಿ ತೆಗೆದೆ, ಮಗ್ಗಲು ಬದಲಿಸಿ ಇಟ್ಟೆ, ಹೋಗಲಿಲ್ಲ. ಅವಳಿಗೂ ನಿದ್ದೆಯಿಲ್ಲ, ಎರಡರ ವೇಗದಲ್ಲಿ ಫ್ಯಾನಿನ ಶಬ್ದ ಅವಳಿಗೆ ಸಾಲದು. ಹೀಗೆ ಇಬ್ಬರೂ ಒಬ್ಬರಿಗಾಗಿ ಇನ್ನೊಬ್ಬರು ಸಹಿಸಿಕೊಂಡು ಹಲವು ರಾತ್ರಿ ಕಣ್ಣು ಬಿಟ್ಟುಕೊಂಡೇ ಮಲಗಿದೆವು.

ಕಾರಣ ಹೊಳೆದಿದ್ದು ಅವಳಿಗೆ, ಎಂಜಿನಿಯರಿಂಗ್ ಓದಿದವಳು. ಈ ಗುಂಡಿ ತಿರುಗಿಸುವ ಎಲೆಕ್ಟ್ರಾನಿಕ್ ರೆಗ್ಯುಲೇಟರು ಫ್ಯಾನಿನ ವೇಗ ಇಳಿಸಲು ಕರೆಂಟನ್ನು ಸೆಕೆಂಡಿಗೆ ನೂರು ಸಲ ಕತ್ತರಿಸುತ್ತದೆ. ಆ ಒಂದೊಂದು ಕತ್ತರಿಯ ಪೆಟ್ಟೂ ಸಣ್ಣ ರೇಡಿಯೊ ಸದ್ದಾಗಿ ತಂತಿಗುಂಟ ಹರಡುತ್ತದೆ, ಮೀಡಿಯಂ ವೇವ್ ಅದನ್ನು ಹಿಡಿದುಕೊಳ್ಳುತ್ತದೆ. ಪೂರ್ತಿ ಐದಕ್ಕೆ ತಿರುಗಿಸಿದರೆ ಕತ್ತರಿಸುವ ಕೆಲಸವೇ ಹೆಚ್ಚುಕಡಿಮೆ ಇಲ್ಲವಾಗುತ್ತದೆ. ಅವಳು ಎದ್ದು ಹೋಗಿ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದಳು. ಫ್ಯಾನು ಭರ್ರನೆ ಎದ್ದಿತು, ರೇಡಿಯೊದ ಜರ್ರು ಅಡಗಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕೆವು. ಅವಳಿಗೆ ಬೇಕಾದಷ್ಟು ಶಬ್ದ, ನನಗೆ ಬೇಕಾದಷ್ಟು ನಿಶ್ಶಬ್ದ. ಅಂದಿನಿಂದ ಕೋಣೆಯ ರೆಗ್ಯುಲೇಟರು ಐದರಿಂದ ಕೆಳಗಿಳಿದಿಲ್ಲ. ನಾನು ಊರಿಂದ ಕೌದಿ ತರಿಸಿಕೊಂಡೆ.

ಆದರೂ ಕೋಣೆಯಲ್ಲಿ ಧಾರವಾಡ ಸಿಗುವುದಿಲ್ಲ. ಕಾಂಕ್ರೀಟಿನೊಳಗಿನ ಕಬ್ಬಿಣ, ಮೊಬೈಲ್ ಚಾರ್ಜರುಗಳು, ಎಲ್ಇಡಿ ಬಲ್ಬುಗಳು ಎಲ್ಲ ಸೇರಿ ದೂರದ ದನಿಯನ್ನು ನುಂಗುತ್ತವೆ. ಬೆಂಗಳೂರು ಆಕಾಶವಾಣಿ 612ರಲ್ಲಿ ಸ್ಪಷ್ಟವಾಗಿ ಬರುತ್ತದೆ. ನನಗೆ ಬೇಕಾದದ್ದು 765. ಅದಕ್ಕೆ ಟೆರೇಸು ಹತ್ತಬೇಕು. ಗಂಟೆ ಒಂಬತ್ತಾಗುತ್ತಿದೆ. ಸ್ವೆಟರ್ ಹಾಕಿಕೊಂಡೇ ಬನ್ನಿ.

ಕಬ್ಬಿಣದ ಬಾಗಿಲು ತಳ್ಳಿದರೆ ಒಣಗಲು ಹಾಕಿದ ಬಟ್ಟೆಗಳ ಸಾಲು, ನೀರಿನ ಎರಡು ಕಪ್ಪು ಸಿಂಟೆಕ್ಸ್ ಟ್ಯಾಂಕು. ಮುಂದೆ ತಗ್ಗು ಪ್ಯಾರಾಪೆಟ್ಟು. ದೂರದಲ್ಲಿ ಮೆಟ್ರೊ ಬೆಳಕಿನ ಗೆರೆಯಾಗಿ ಮೈಸೂರು ರಸ್ತೆಯ ಕಡೆಗೆ ಹೋಗುತ್ತದೆ. ಅಮಾವಾಸ್ಯೆ ಹತ್ತಿರವಾದ್ದರಿಂದ ಚಂದ್ರನಿಲ್ಲ. ಟ್ಯಾಂಕಿನ ಪಕ್ಕ ಒಂದು ಮುರುಕು ಪ್ಲಾಸ್ಟಿಕ್ ಕುರ್ಚಿ ಇದೆ, ನೀವು ಕೂತುಕೊಳ್ಳಿ. ನಾನು ನಿಂತೇ ಇರಬೇಕು. ಈ ಪೆಟ್ಟಿಗೆಯೊಳಗೆ ಉದ್ದಕ್ಕೆ ಒಂದು ಫೆರೈಟ್ ಕಡ್ಡಿ ಮಲಗಿದೆ, ಮೀಡಿಯಂ ವೇವಿಗೆ ಅದೇ ಏರಿಯಲ್. ಮೇಲಕ್ಕೆಳೆಯುವ ತಂತಿ ಇಲ್ಲಿ ಉಪಯೋಗಕ್ಕೆ ಬಾರದು. ಕಡ್ಡಿಯ ತುದಿ ನಿಲಯದ ಕಡೆಗಿದ್ದರೆ ಏನೂ ಕೇಳಿಸುವುದಿಲ್ಲ. ಕಡ್ಡಿ ಅಡ್ಡವಾಗಬೇಕು, ಅಂದರೆ ರೇಡಿಯೊ ತನ್ನ ಮುಖವನ್ನು ಊರಿನ ಕಡೆಗೆ ಮಾಡಬೇಕು. ನಮ್ಮೂರು ವಾಯುವ್ಯಕ್ಕೆ, ರಸ್ತೆಯಲ್ಲಿ ನಾನೂರು ಕಿಲೋಮೀಟರಿಗೂ ಮೇಲೆ. ಸುಂಕದಕಟ್ಟೆಯ ಕಡೆಯ ದೀಪಗಳು ಕಾಣುತ್ತವಲ್ಲ, ಅತ್ತ ತಿರುಗಿ ನಿಂತರೆ ನಾನು ಧಾರವಾಡಕ್ಕೆ ಮುಖ ಮಾಡಿದಂತೆ.

ಗುಂಡಿಯ ಮೇಲೆ ಬೆರಳಿಡಿ, ಆದರೆ ಬಹಳ ನಿಧಾನ. ಒಂದೊಂದು ನಿಲಯಕ್ಕೂ ಒಂಬತ್ತು ಕಿಲೋಹರ್ಟ್ಜ್ ಜಾಗ, ಈ ಅಗ್ಗದ ಡಯಲಿನಲ್ಲಿ ಅದು ಕೂದಲೆಳೆ. 612, ನಮ್ಮ ಕಾಲ ಕೆಳಗಿನ ಬೆಂಗಳೂರು. ಸ್ವಲ್ಪ ಸರಿದರೆ ಮಲಯಾಳಂ ವಾರ್ತೆ, 684ರ ಕೋಯಿಕ್ಕೋಡ್. 720ಕ್ಕೆ ಚೆನ್ನೈ, ತಮಿಳಿನ ಮಾತು ಗಟ್ಟಿಯಾಗಿ ನಿಲ್ಲುತ್ತದೆ. 738ಕ್ಕೆ ಹೈದರಾಬಾದು. ಇಲ್ಲಿಂದ ಉಸಿರು ಬಿಗಿಹಿಡಿದು ಕೂದಲಿನಷ್ಟು ಮುಂದೆ. ಸುಯ್ಯೆಂಬ ಗಾಳಿ. ಒಳಗೆ ಯಾರೋ ಇದ್ದಾರೆ. ರೇಡಿಯೊವನ್ನು ಎದೆಯ ಮಟ್ಟಕ್ಕೆ ಎತ್ತಿ ಒಂದಿಷ್ಟು ಎಡಕ್ಕೆ ತಿರುಗಿಸಿದರೆ ಅಗೋ, ತಂಬೂರಿ. ಅದರ ಹಿಂದೆ ಗಂಡುದನಿಯೊಂದು ವಿಲಂಬಿತದಲ್ಲಿ ಮೇಲೇರುತ್ತಿದೆ. ಬಿಹಾಗ ಇರಬೇಕು. ದನಿ ಸನಿಹಕ್ಕೆ ಬಂದು ಮತ್ತೆ ದೂರವಾಗುತ್ತದೆ, ಒಂದು ಆಲಾಪದ ಮಧ್ಯೆ ಪೂರಾ ಮುಳುಗಿ, ಸಮ್ಮಿಗೆ ಸರಿಯಾಗಿ ಮೇಲೆದ್ದು ಬರುತ್ತದೆ.

ಯೂಟ್ಯೂಬಿನಲ್ಲಿ ಎಲ್ಲ ಸಿಗುತ್ತದಲ್ಲ ಎಂದು ನೀವು ಕೇಳಬಹುದು, ಕುಂದಾಪುರದ ಹುಡುಗಿಯೂ ಕೇಳಿದಳು. ಸಿಗುತ್ತದೆ. ಮಲ್ಲಿಕಾರ್ಜುನ ಮನ್ಸೂರರ ಹಾಡು ನನ್ನ ಫೋನಿನಲ್ಲೂ ಇದೆ, ಗಂಗೂಬಾಯಿಯವರದೂ ಇದೆ. ಆದರೆ 1950ರ ಜನವರಿ 8ರಂದು ಶುರುವಾದ ಆ ನಿಲಯ ನಮಗೆ ಬರೀ ಹಾಡಿನ ಪೆಟ್ಟಿಗೆಯಾಗಿರಲಿಲ್ಲ. ಮನ್ಸೂರರು ಸಂಗೀತ ಸಲಹೆಗಾರರಾಗಿದ್ದ ಜಾಗ ಅದು. ಓಣಿಯ ಎಲ್ಲ ಮನೆಗಳಲ್ಲೂ ಒಂದೇ ಹೊತ್ತಿಗೆ ಒಂದೇ ದನಿ ಕೇಳುತ್ತಿತ್ತು, ಬೀದಿಯಲ್ಲಿ ನಡೆದರೆ ಒಂದು ವಾರ್ತೆಯನ್ನೂ ಕಳೆದುಕೊಳ್ಳದೆ ಮೂಲೆಯ ಅಂಗಡಿಗೆ ಹೋಗಿಬರಬಹುದಿತ್ತು. ಈ ಕ್ಷಣ ಈ ಬಿಹಾಗವನ್ನು ಮಾಳಮಡ್ಡಿಯಲ್ಲಿ ಯಾರೋ ಚಿಮಣಿಯಂಥ ಬಲ್ಬಿನ ಕೆಳಗೆ ಕೂತು ಕೇಳುತ್ತಿದ್ದಾರೆ, ನವಲಗುಂದದ ಹೊಲದಲ್ಲಿ ಜೋಳಕ್ಕೆ ಕಾವಲಿರುವ ಯಾರೋ ಕೇಳುತ್ತಿದ್ದಾರೆ. ಅವರ ಜೊತೆಗೆ ನಾನೂ. ಫೋನಿನಲ್ಲಿ ನಾನೊಬ್ಬಳೇ.

ಹಗಲಿನಲ್ಲಿ ಇಲ್ಲಿ ಇದು ಸಿಗುವುದಿಲ್ಲ. ಭೂಮಿಯಿಂದ ಸುಮಾರು 60ರಿಂದ 90 ಕಿಲೋಮೀಟರ್ ಮೇಲೆ, ಅಯಾನುಗೋಳದ ತೀರ ಕೆಳಗಿನ ಪದರವೊಂದು ಬಿಸಿಲಿನಲ್ಲಿ ಕಟ್ಟಿಕೊಂಡು ಮೀಡಿಯಂ ವೇವಿನ ಅಲೆಗಳನ್ನು ಹೀರಿಬಿಡುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗುತ್ತದೆ. ಆಗ ಧಾರವಾಡದಿಂದ ಮೇಲಕ್ಕೆ ಹೊರಟ ಅಲೆ ಇನ್ನೂ ಎತ್ತರದ ಪದರಗಳಿಗೆ ಬಡಿದು ಬಾಗಿ ಇಲ್ಲಿ ಕೆಳಗಿಳಿಯುತ್ತದೆ. ಒಂದೊಂದು ಅಲೆಯ ಉದ್ದ ಸುಮಾರು 392 ಮೀಟರು, ಈ ಅಡ್ಡರಸ್ತೆಗಿಂತ ಉದ್ದ. ಮೇಲಿನ ಪದರ ಅಲುಗುತ್ತಿರುವುದರಿಂದಲೇ ದನಿ ಹೀಗೆ ಹತ್ತಿರ ದೂರ ಆಗುವುದು. ಈ ಏರಿಳಿತ ನನಗೆ ಬೇಕು. ನಾನೂರು ಕಿಲೋಮೀಟರಿನ ದೂರ ಅದರಲ್ಲಿ ಕೇಳುತ್ತದೆ.

ಬಾಗಿಲು ಕಿರ್‍ರೆನ್ನುತ್ತದೆ. ಆಂಟಿ ಬಂದರು, ಸೊಂಟದಲ್ಲಿ ಕೀಲಿಗೊಂಚಲು. ಚಿಂತಾಮಣಿಯ ಕಡೆಯವರು. ಗಂಡ ತೀರಿಕೊಂಡ ಮೇಲೆ ಒಬ್ಬರೇ ಈ ಕಟ್ಟಡ ನಡೆಸುತ್ತಾರೆ.

“ಮೇಡಂ, ಒಂಬತ್ತೂವರೆ ಆಯ್ತು. ಎದುರುಮನೆಯವ್ರು ನಿನ್ನೇನೂ ಕೇಳಿದ್ರು, ಯಾರದು ರಾತ್ರಿ ಹೊತ್ತು ಟೆರೇಸಲ್ಲಿ ಕಿವಿಗಿಟ್ಕೊಂಡು ನಿಂತಿರ್ತಾರೆ ಅಂತ. ನಾಲ್ಕು ಜನ ನಾಲ್ಕು ಮಾತಾಡ್ತಾರೆ. ಹೆಣ್ಮಕ್ಕಳ ಪೀಜಿ ಅಲ್ವಾ.”

“ಏನ್ ಮಾತಾಡ್ತಾರ್ರೀ? ರೇಡಿಯೋ ಕೇಳಾಕತ್ತೀನಿ.”

“ಫೋನಲ್ಲಿ ಕೇಳ್ಬಾರ್ದಾ?”

ಉತ್ತರ ಕೊಡುವ ಬದಲು ರೇಡಿಯೊವನ್ನೇ ಅವರ ಕೈಗೆ ಕೊಡುತ್ತೇನೆ. ಕೈ ಬದಲಾದದ್ದೇ ದನಿ ಹೋಯಿತು. ಅವರು ಗಾಬರಿಯಾಗುತ್ತಾರೆ, ಕೆಟ್ಟುಹೋಯಿತೇ ಎಂದು. “ಹಿಂಗ್ ತಿರುಗ್ರಿ,” ಎಂದು ಭುಜ ಹಿಡಿದು ಅವರನ್ನು ಸುಂಕದಕಟ್ಟೆಯ ಕಡೆಗೆ ತಿರುಗಿಸುತ್ತೇನೆ. ದನಿ ಮರಳುತ್ತದೆ. ಅವರು ಅಲುಗಾಡದೆ ನಿಲ್ಲುತ್ತಾರೆ. ಮೆಲ್ಲಗೆ ಬಲಕ್ಕೆ ತಿರುಗಿ ದನಿ ಹೋಗುವುದನ್ನು ನೋಡುತ್ತಾರೆ, ಎಡಕ್ಕೆ ತಿರುಗಿ ಬರುವುದನ್ನು ನೋಡುತ್ತಾರೆ. ಇನ್ನೊಮ್ಮೆ ಬಲಕ್ಕೆ. ಇನ್ನೊಮ್ಮೆ ಎಡಕ್ಕೆ.

“ನಿಮ್ಮೂರು ಈ ಕಡೆಗಾ?”

“ಹೌದ್ರಿ.”

“ಚಿಂತಾಮಣಿ ಯಾವ ಕಡೆಗೆ?” ನಾನು ಈಶಾನ್ಯಕ್ಕೆ ಕೈ ತೋರಿಸುತ್ತೇನೆ. ಅವರು ಅತ್ತ ಒಂದು ಕ್ಷಣ ನೋಡುತ್ತಾರೆ.

ಈ ಮಹಾತಾಯಿಯ ಬಗ್ಗೆ ನಿಮಗೊಂದು ವಿಷಯ ಹೇಳಬೇಕು. ರಾತ್ರಿ ಹಾಕಿದ ಪ್ರತಿಯೊಂದು ಬೀಗವನ್ನೂ ಇವರು ಮೂರು ಸಲ ಜಗ್ಗಿ ನೋಡುತ್ತಾರೆ. ಎರಡಲ್ಲ, ನಾಲ್ಕಲ್ಲ. ಗೇಟಿನದು, ಅಡುಗೆಮನೆಯದು, ಟೆರೇಸಿನದು. ಹುಡುಗಿಯರು ಕೋಣೆಯೊಳಗೆ ಮಲಗಿಕೊಂಡು ಆ ಜಗ್ಗುವ ಸದ್ದನ್ನು ಎಣಿಸುತ್ತಾರೆ. ಊರು ಬಿಟ್ಟು ಬಂದ ಇಷ್ಟೊಂದು ಹೆಣ್ಣುಮಕ್ಕಳ ಹೊಣೆ ಹೊತ್ತವರಿಗೆ ಮೂರನೆಯ ಸಲದ ಆ ಸದ್ದು ಕೇಳಿದರೆ ಮಾತ್ರ ನಿದ್ದೆ. ನನಗದು ಪೂರ್ತಿ ಅರ್ಥವಾಗುತ್ತದೆ.

ಅವರು ಗೊಂಚಲಿನಿಂದ ಒಂದು ಕೀಲಿ ಬಿಡಿಸುತ್ತಾರೆ. “ಟೆರೇಸಿಂದು ನಿಮ್ಮತ್ರಾನೇ ಇರ್ಲಿ. ಹೋಗೋವಾಗ ಹಾಕ್ಕೊಂಡ್ ಹೋಗಿ.” ಎರಡು ಮೆಟ್ಟಿಲು ಇಳಿದವರು ನಿಂತು ತಿರುಗುತ್ತಾರೆ. “ಮೂರು ಸಲ ಜಗ್ಗಿ ನೋಡಿ ಮೇಡಂ. ಮರೀಬೇಡಿ.”

ಮರೆಯುವುದಿಲ್ಲ ಎನ್ನುತ್ತೇನೆ.

ಇಂಥ ಖಾಸಗಿ ಹುಚ್ಚುಗಳನ್ನು ಸಣ್ಣದೆಂದು ಎಣಿಸುವವರಿಗೆ ನಾನು ಮೈಸೂರಿನ ಎಂ.ವಿ. ಗೋಪಾಲಸ್ವಾಮಿಯವರನ್ನು ನೆನಪಿಸಬಯಸುತ್ತೇನೆ. ಮಹಾರಾಜಾ ಕಾಲೇಜಿನಲ್ಲಿ ಮನಃಶಾಸ್ತ್ರ ಹೇಳುತ್ತಿದ್ದ ಪ್ರಾಧ್ಯಾಪಕರು. 1935ರಲ್ಲಿ ತಮ್ಮ ಮನೆಯಲ್ಲೇ ಒಂದು ಪುಟ್ಟ ಪ್ರೇಷಕ ಇಟ್ಟು ಬಾನುಲಿ ನಡೆಸಿದರು. ಪಾಠ ಹೇಳುವವರಿಗೆ ಇದೆಲ್ಲ ಯಾಕೆ ಎಂದು ಅಕ್ಕಪಕ್ಕದವರು ಅಂದುಕೊಂಡಿರಬಹುದು. ಆ ಮನೆಯ ನಿಲಯಕ್ಕಿದ್ದ ಆಕಾಶವಾಣಿ ಎಂಬ ಹೆಸರೇ ಮುಂದೆ ಇಡೀ ದೇಶದ ಬಾನುಲಿಗೆ ಬಂತು. ಎಲ್ಲರ ಹವ್ಯಾಸವೂ ಹಾಗೆ ಬೆಳೆಯಬೇಕಿಲ್ಲ. ನನ್ನ ರೊಟ್ಟಿಚೂರಿನ ಸುತ್ತಿನಿಂದ ದೇಶಕ್ಕೆ ಏನೂ ಆಗಬೇಕಾದದ್ದಿಲ್ಲ, ಆಗದಿದ್ದರೂ ಅದಕ್ಕೊಂದು ಜಾಗ ಬೇಕು.

ನರ್ಸ್ ಡ್ಯೂಟಿಗೆ ಹೊರಟಿದ್ದಾಳೆ, ಹೋಗುವ ಮುಂಚೆ ಒಣಗಿದ ಬಟ್ಟೆ ತೆಗೆಯಲು ಮೇಲೆ ಬಂದಳು. ಹಿಂದಿಯಲ್ಲಿ ಮಾತು. ಕನ್ನಡದಲ್ಲಿ ಅವಳಿಗೆ ಬರುವುದು ‘ನೋವು ಎಲ್ಲಿ’, ‘ಊಟ ಆಯ್ತಾ’, ‘ಉಸಿರು ಎಳ್ಕೊಳ್ಳಿ’. ಅವಳದೂ ಒಂದು ಪದ್ಧತಿಯಿದೆ. ರಾತ್ರಿಯ ಅನ್ನದಲ್ಲಿ ಒಂದು ಹಿಡಿ ತೆಗೆದು, ಸ್ಟೀಲಿನ ಡಬ್ಬಿಯಲ್ಲಿ ನೀರು ಹಾಕಿ ಇಟ್ಟು, ಬೆಳಿಗ್ಗೆ ಪಾಳಿ ಮುಗಿಸಿ ಬಂದವಳೇ ಉಪ್ಪು, ಹಸಿಮೆಣಸಿನಕಾಯಿ ನಂಜಿಕೊಂಡು ಉಣ್ಣುತ್ತಾಳೆ. ಅವರ ಕಡೆ ಅದು ಪಖಾಳ. ಬಿಸಿ ಇಡ್ಲಿ ಇರುವಾಗ ತಂಗಳು ಯಾಕೆಂದು ಅಡುಗೆಯವರು ನಕ್ಕಿದ್ದರು. ಅಂದಿನಿಂದ ಅವಳು ಡಬ್ಬಿಯನ್ನು ಕಪಾಟಿನೊಳಗೆ ಇಡತೊಡಗಿದ್ದಳು. ಒಂದು ದಿನ ನಾನು ಅವಳೆದುರಿಗೆ ಕೂತು ತಂಗಳ ನುಚ್ಚಿಗೆ ಮಜ್ಜಿಗೆ ಕಲಸಿ, ಉಳ್ಳಾಗಡ್ಡಿ ಕಡಿದುಕೊಂಡು ಉಂಡೆ. ನಮ್ಮ ಕಡೆ ಅದು ದಿನದ ಊಟವೇ. ಡಬ್ಬಿ ಕಪಾಟಿನಿಂದ ಕಿಟಕಿಯ ಮೇಲಕ್ಕೆ ಬಂತು.

“ದೀದಿ, ನಮ್ಮೂರಿನದೂ ಸಿಗುತ್ತಾ ಇದರಲ್ಲಿ?” ಎಂದು ಕೇಳುತ್ತಾಳೆ ಈಗ.

ಕಟಕ್ 972ರಲ್ಲಿ. ದೂರ ಬಹಳ, ಸಾವಿರ ಕಿಲೋಮೀಟರಿನ ಮೇಲೆ. ಆದರೆ ಅಲ್ಲಿನದು ದೊಡ್ಡ ಪ್ರೇಷಕ. ಟ್ಯಾಂಕಿನ ಆಚೆ ಬದಿಗೆ ಹೋಗಿ ಈಶಾನ್ಯಕ್ಕೆ ಮುಖ ಮಾಡಿ ನಿಲ್ಲುತ್ತೇವೆ. ವಿಜಯವಾಡ 837, ತಿರುಚಿರಾಪಳ್ಳಿ 936, ಆಮೇಲೆ ಬೆರಳು ನಿಧಾನ. ಸುಯ್ಯೆಂಬ ಗಾಳಿ, ಚಟಪಟ. ಏನೋ ಒಂದು ದನಿ, ಯಾವ ಭಾಷೆಯೆಂದು ನನಗೆ ತಿಳಿಯದು. ಅವಳು ರೇಡಿಯೊವನ್ನು ಕಸಿದುಕೊಂಡು ಕಿವಿಗೊತ್ತಿಕೊಳ್ಳುತ್ತಾಳೆ. ಒಣಬಟ್ಟೆ ಭುಜದಿಂದ ಜಾರಿ ಬಿತ್ತು. “ಒಡಿಯಾ! ದೀದಿ, ಒಡಿಯಾ!” ಎನ್ನುತ್ತಾಳೆ. ಅಷ್ಟರಲ್ಲಿ ದನಿ ಮುಳುಗುತ್ತದೆ. ಕಾಯಿ, ಬರುತ್ತದೆ ಎನ್ನುತ್ತೇನೆ. ಬರುತ್ತದೆ, ನಾಲ್ಕಾರು ಮಾತು, ಮತ್ತೆ ಹೋಗುತ್ತದೆ. ಆಸ್ಪತ್ರೆಯ ವ್ಯಾನು ಕೆಳಗೆ ಹಾರ್ನ್ ಮಾಡುವವರೆಗೂ ಅವಳು ಹಾಗೇ ನಿಂತಿರುತ್ತಾಳೆ. ಓಡುವಾಗ ಅಂಗೈಯಲ್ಲಿ ಪೆನ್ನಿನಿಂದ 972 ಎಂದು ಬರೆದುಕೊಳ್ಳುತ್ತಾಳೆ.

ರಾತ್ರಿ ಹನ್ನೊಂದಕ್ಕೆ ಬೀಗ ಹಾಕಿ ಮೂರು ಸಲ ಜಗ್ಗುತ್ತೇನೆ. ಕೆಳಗಿನ ಕೋಣೆಯಿಂದ ಆಂಟಿ ಕೆಮ್ಮುತ್ತಾರೆ.

ಬೆಳಿಗ್ಗೆ ಬೇಗ ಏಳಬಲ್ಲಿರಾದರೆ ಐದೂ ಐವತ್ತಕ್ಕೆ ಮತ್ತೆ ಮೇಲೆ ಬನ್ನಿ. ಭಾನುವಾರ, ರಸ್ತೆಯಲ್ಲಿ ಹಾಲಿನವನ ಸೈಕಲ್ಲು ಬಿಟ್ಟರೆ ಸದ್ದಿಲ್ಲ. 765ರಲ್ಲಿ ಪ್ರೇಷಕ ಎಚ್ಚರವಾದ ಮೌನ, ಆಮೇಲೆ ಆ ಹಳೆಯ ಸಂಕೇತಧ್ವನಿ, ಶಿವರಂಜನಿಯ ನೆಳಲಿರುವ ಪಿಟೀಲು. ಅದನ್ನು ಕಟ್ಟಿದವರು ವಾಲ್ಟರ್ ಕೌಫ್‌ಮನ್. ಯುರೋಪಿನಲ್ಲಿ ಯೆಹೂದಿಗಳಿಗೆ ದಿನಗಳು ಕೆಡುತ್ತಿದ್ದಾಗ, 1934ರಲ್ಲಿ ಮುಂಬೈಗೆ ಬಂದಿಳಿದ ಸಂಗೀತಗಾರ, ಮುಂದೆ ಅಲ್ಲಿನ ಬಾನುಲಿಯಲ್ಲಿ ಕೆಲಸ ಮಾಡಿದರು. ಗುರುತು ಪರಿಚಯವಿಲ್ಲದ ಊರು, ಕಿವಿಗೆ ಒಗ್ಗದ ಸಂಗೀತ. ಅದರ ನಡುವೆ ಕೂತು ಅವರು ಕಟ್ಟಿದ ಈ ಕೆಲವು ಸ್ವರಗಳಿಂದ ಈ ದೇಶದ ಎಷ್ಟು ಮನೆಗಳು ಎಷ್ಟು ವರ್ಷ ಬೆಳಗು ಮಾಡಿಕೊಂಡವು! ಇದನ್ನು ಕೇಳಿದಾಗಲೆಲ್ಲ ನನಗೆ ಅವರ ಮೇಲೆ ಪ್ರೀತಿ ಉಕ್ಕುತ್ತದೆ.

ವಂದೇ ಮಾತರಂ ಆಯಿತು. ಭಜನೆ, ರೈತರಿಗೆ ಸೂಚನೆ. ಆರೂಕಾಲರ ಹೊತ್ತಿಗೆ ಪೂರ್ವ ಕೆಂಪಾಗುತ್ತದೆ. ಈಗ ಗಮನವಿಟ್ಟು ಕೇಳಿ. ಆರೂವರೆ ದಾಟಿ ಇಲ್ಲಿ ಸೂರ್ಯ ಹುಟ್ಟಿದ. ಧಾರವಾಡದಲ್ಲಿ ಇನ್ನೂ ಹುಟ್ಟಿಲ್ಲ, ಅಲ್ಲಿಗೂ ಇಲ್ಲಿಗೂ ಬೆಳಗಿನಲ್ಲಿ ಹದಿನೈದು ಇಪ್ಪತ್ತು ನಿಮಿಷದ ಅಂತರ. ಮೇಲೆ ಹಗಲಿನ ಪದರ ಕಟ್ಟತೊಡಗಿದೆ. ದನಿ ತೆಳುವಾಗುತ್ತಿದೆ. 6.55ಕ್ಕೆ ಸಂಸ್ಕೃತ ವಾರ್ತೆ, 1974ರಿಂದ ನಡೆದುಬಂದದ್ದು. ಅದರವರೆಗೆ ಧಾರವಾಡವನ್ನು ಹಿಡಿದುಕೊಳ್ಳಬಲ್ಲೆನೇ ಎಂಬುದು ಬೆಳಗಿನ ನನ್ನ ಪಂದ್ಯ. ಬೇಸಿಗೆಯಲ್ಲಿ ಸೂರ್ಯ ಬೇಗ ಬರುವುದರಿಂದ ಆಸೆಯೇ ಇಲ್ಲ. ಡಿಸೆಂಬರಿನಲ್ಲಿ ಒಮ್ಮೊಮ್ಮೆ ಗೆಲ್ಲುತ್ತೇನೆ.

ಕೆಳಗೆ ಅವರೆಕಾಯಿಯ ತಳ್ಳುಗಾಡಿ ಬಂದಿದೆ. ಆಂಟಿ ಸೆರಗು ಸಿಕ್ಕಿಸಿಕೊಂಡು ಗೇಟಿಗೆ ಬಂದರು, ಎದುರುಮನೆಯವರೂ ಚೀಲ ಹಿಡಿದು ಬಂದರು. ಪ್ಯಾರಾಪೆಟ್ಟಿಗೆ ಒರಗಿ ನಿಂತರೆ ಅವರ ಮಾತು ಸ್ಪಷ್ಟವಾಗಿ ಕೇಳುತ್ತದೆ. ಎದುರುಮನೆಯವರು ತಲೆಯೆತ್ತಿ ನನ್ನನ್ನೂ, ಎದೆಗವಚಿದ ಪೆಟ್ಟಿಗೆಯನ್ನೂ ನೋಡುತ್ತಾರೆ.

“ಅದೇ ನೋಡಿ, ಬೆಳಿಗ್ಗೇನೂ ನಿಂತಿದ್ದಾರೆ. ಏನ್ರೀ ಅದು?”

“ಅವ್ರು ಧಾರವಾಡದೋರು,” ಎನ್ನುತ್ತಾರೆ ಆಂಟಿ, ಒಂದು ಕಾಯಿ ಬಿಡಿಸಿ ಮೂಸುತ್ತ. “ಅವ್ರೂರಿನ ರೇಡಿಯೋ ಹಿಡೀತಾರೆ. ಬಿಸ್ಲು ಬಂದ್ರೆ ಸಿಗಲ್ಲ, ಅದಕ್ಕೆ ಬೇಗ ಎದ್ದಿದ್ದಾರೆ. ಆ ಕಡೆ ತಿರುಗಿ ನಿಂತ್ಕೋಬೇಕು ಅದಕ್ಕೆ, ಈ ಕಡೆ ತಿರುಗಿದ್ರೆ ಬರಲ್ಲ.” ಮತ್ತೆ ಗಾಡಿಯವನಿಗೆ: “ಸೊಗಡೇ ಇಲ್ವಲ್ಲಪ್ಪ ಇದ್ರಲ್ಲಿ. ಎಲ್ಲಿಂದು? ಮಾಗಡಿಂದಾ? ಎರಡು ಕೆಜಿ ತಗೊಂಡ್ರೆ ಎಷ್ಟಕ್ ಕೊಡ್ತೀಯ ಹೇಳು.”